ಅಖಾಡಕ್ಕೆ ಹುಯ್ದ ಮಜ್ಜಿಗೆ

ಶಿಷ್ಯ ಕರಿಬಸಯ್ಯ ಗುರುಗಳನ್ನು ಕೇಳಿದ: "ಗುರುಗಳೇ, ದಿನಾ ಬೆಳಿಗ್ಗೆ ನೂರೆಂಟು ನಮಸ್ಕಾರ ಹಾಕುತ್ತೇನೆ. ಹಾಲು, ತುಪ್ಪ, ಲೇಹ್ಯ, ಯಾವುದನ್ನೂ ಬಿಟ್ಟಿಲ್ಲ. ಆದರೂ ಮೈಯಲ್ಲಿ ಕಸುವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಇನ್ನೂ ಏನು ತಿನ್ನಲಿ?"

ಗುರುಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಭಲೇ! ತಿನ್ನುವುದಕ್ಕೂ ಗುರು ಬೇಕಾಯಿತೇನೋ ನಿನಗೆ? ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನ ಗರಡಿಯಲ್ಲಿ ಒಬ್ಬ ಪೈಲ್ವಾನನಿದ್ದ. ಊರಿಗೆಲ್ಲ ಅವನ ಮೇಲೆ ಬಲು ಅಭಿಮಾನ. ಆ ಅಭಿಮಾನಕ್ಕೆ ಅವರು ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ಕುಸ್ತಿಗೆ ಜೋಡಿ ಗೊತ್ತಾದ ದಿನದಿಂದ ಪೈಲ್ವಾನನ ಹೊಟ್ಟೆ ಊರಿನ ಪಾಲಿಗೆ. ಒಂದು ಮನೆಯವರು ಹಾಲು ಕೊಟ್ಟರೆ ಇನ್ನೊಂದು ಮನೆಯವರು ತುಪ್ಪ ಕೊಡುತ್ತಿದ್ದರು. ಅರೆದ ಬಾದಾಮಿ ಕೊಡುವ ಮನೆಯೂ ಒಂದಿತ್ತು. ಅವನು ಅವರ ಎದುರಿಗೇ ನಿಂತು ತಿನ್ನಬೇಕು. ಬೇಡ ಅಂದರೆ ಆ ಮನೆಗೆ ಅವಮಾನ.

ಒಂದು ವರ್ಷ ಅವನು ಪಕ್ಕದ ಊರಿನವನ ಕೈಯಲ್ಲಿ ಸೋತ. ಊರವರು, "ಪಾಪ, ತಿಂದದ್ದು ಸಾಲಲಿಲ್ಲ" ಎಂದು ಹಾಲನ್ನು ಎರಡರಷ್ಟು ಮಾಡಿದರು. ಮರುವರ್ಷ ಅದೇ ಎದುರಾಳಿಯ ಕೈಯಲ್ಲಿ ಮತ್ತೆ ಸೋತ. ತುಪ್ಪವೂ ಎರಡರಷ್ಟಾಯಿತು. ನೋಡು, ಎಂಥ ಬುದ್ಧಿವಂತರು!

ಮೂರನೆಯ ವರ್ಷ ಗರಡಿಯ ಉಸ್ತಾದರು ಅವನನ್ನು ಕರೆದು, "ಮಗಾ, ಈ ಸಲವೂ ಬಿದ್ದರೆ ನೀನು ಗರಡಿಗೆ ಬರಬೇಡ. ಬೇರೆಯವನನ್ನು ತಯಾರು ಮಾಡುತ್ತೇನೆ" ಎಂದರು. ಆ ಪೈಲ್ವಾನನಿಗೆ ಗರಡಿ ಬಿಟ್ಟರೆ ಬೇರೆ ಬದುಕೇ ಗೊತ್ತಿರಲಿಲ್ಲ. ಅವನು ಹೆದರಿದ. ಹೆದರಿ, ಕೊಟ್ಟದ್ದನ್ನೆಲ್ಲ ತಿಂದ. ತಿಂದು ಇನ್ನೂ ಐನೂರು ಬಸ್ಕಿ ಹೊಡೆದ.

ಆದರೆ ತಿಂದದ್ದು ಮೈಗೆ ಹತ್ತಲಿಲ್ಲ. ಹೊಟ್ಟೆ ಉಬ್ಬರಿಸಿ ತಮಟೆಯಾಯಿತು. ಮಾತಿಗೊಂದು ಹುಳಿತೇಗು. ಬೆಳಿಗ್ಗೆ ಚೆಂಬು ಹಿಡಿದು ಹೋದವನು ಹೊತ್ತೇರಿದ ಮೇಲೆ ವಾಪಸು ಬರುತ್ತಿದ್ದ. ನಿದ್ದೆ ಕೆಟ್ಟಿತು. ನಿದ್ದೆಯ ಹಿಂದೆಯೇ ಸ್ವಭಾವವೂ ಕೆಟ್ಟಿತು, ಯಾರು ಏನಂದರೂ ಸಿಡುಕುತ್ತಿದ್ದ. ದಂಡ ಹೊಡೆಯುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಇಷ್ಟು ದೊಡ್ಡ ಆಳಿಗೆ ಹೊಟ್ಟೆ ಸರಿಯಿಲ್ಲ ಅಂದರೆ ಜನ ನಗುವುದಿಲ್ಲವೇ?

ಕುಸ್ತಿಗೆ ಇನ್ನೊಂದು ತಿಂಗಳಿತ್ತು. ಅವತ್ತು ಅಖಾಡದ ಮಣ್ಣು ಹದ ಮಾಡುವ ದಿನ. ಗರಡಿಯವರು ಆ ಕೆಮ್ಮಣ್ಣನ್ನು ಅಗೆದು, ಮೇಲೆ ಕೆಳಗೆ ಮಾಡಿ, ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಕಲಸುತ್ತಾರೆ. ಅವತ್ತು ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಮಜ್ಜಿಗೆ ಮಾರುವ ಒಬ್ಬ ಮುದುಕಿ ತನ್ನ ಗಡಿಗೆಯನ್ನು ಗರಡಿಯ ಹೊಸ್ತಿಲಾಚೆ ಇಳಿಸಿದಳು. ಅದನ್ನು ಎತ್ತಲು ಬಂದ ಪೈಲ್ವಾನ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

"ಏನಾಯ್ತೋ ನನ್ನಪ್ಪಾ?" ಎಂದಳು ಮುದುಕಿ.

"ಏನಿಲ್ಲಜ್ಜಿ, ಹೊಟ್ಟೆ."

ಎರಡು ವರ್ಷದಲ್ಲಿ ಆ ಮಾತು ಮೊದಲ ಸಲ ಬಾಯಿಂದ ಹೊರಗೆ ಬಂದಿತ್ತು. ಬಂದದ್ದೇ ತಡ, ಅತ್ತುಬಿಟ್ಟ. ತಿನ್ನುವುದನ್ನೂ ಹೇಳಿದ, ಸೋಲುವುದನ್ನೂ ಹೇಳಿದ. ಮುದುಕಿ ಎಲ್ಲ ಕೇಳಿಸಿಕೊಂಡಳು. "ಅಲ್ಲೋ, ಈ ಮಣ್ಣಿಗೆ ಮಜ್ಜಿಗೆ ಯಾಕೆ ಹುಯ್ಯುತ್ತೀರಿ?"

"ಮಣ್ಣು ಕೆಡಬಾರದಲ್ಲ ಅಜ್ಜಿ. ಹದ ತಪ್ಪಿದರೆ ಅದರ ಮೇಲೆ ಕುಸ್ತಿ ಆಡುವುದಕ್ಕೇ ಆಗೋದಿಲ್ಲ."

"ಮಣ್ಣಿಗೆ ಮಜ್ಜಿಗೆ ಕೊಡುತ್ತೀರಿ, ಒಂದು ದಿನ ಬಿಡುವೂ ಕೊಡುತ್ತೀರಿ. ನಿನ್ನ ಹೊಟ್ಟೆ ಏನು ಪಾಪ ಮಾಡಿತ್ತೋ? ಹಾಕಿದ್ದು ಬೆರೆಯುವ ಮೊದಲೇ ಇನ್ನೊಂದು ಬುಟ್ಟಿ ಸುರಿಯುತ್ತೀಯಲ್ಲ!" ಮುದುಕಿ ಗಡಿಗೆಯಿಂದ ಒಂದು ಲೋಟ ಬಗ್ಗಿಸಿದಳು. "ಮೊದಲು ನೀನು ಕುಡಿ. ಉಳಿದದ್ದು ಮಣ್ಣಿಗೆ."

ಅವನು ಕುಡಿದ. ಹತ್ತು ದಿನ ಅಂಬಲಿ, ಮಜ್ಜಿಗೆ, ಸೊಪ್ಪು, ಹೆಸರುಬೇಳೆ ಇಷ್ಟೇ ಸಾಕು, ಹಸಿದರೆ ಮಾತ್ರ ತಿನ್ನು ಎಂದು ಮುದುಕಿ ಹೇಳಿ ಹೋದಳು. ಹೇಳುವುದು ಸುಲಭ! ಹಾಗೆ ಮಾಡಬೇಕಾದರೆ ಊರಿನ ಮನೆಮನೆಗೂ ಹೋಗಿ ಬೇಡ ಅನ್ನಬೇಕು. ಎದುರಾಳಿಯ ಮುಂದೆ ನಿಂತಾಗಲೂ ಅವನು ಅಷ್ಟು ಹೆದರಿರಲಿಲ್ಲ.

ಮಾರನೆಯ ದಿನ ಮೊದಲ ಮನೆಯಲ್ಲಿ ಹಾಲಿನ ಚೆಂಬು ಬಂತು. ಅವನು ತಲೆ ತಗ್ಗಿಸಿ, "ಬೇಡ ತಾಯೀ, ನನ್ನ ಹೊಟ್ಟೆ ತಡೆಯುತ್ತಿಲ್ಲ" ಎಂದ. ಆ ಹೆಂಗಸು ಚೆಂಬನ್ನು ಕೆಳಗಿಟ್ಟಳು. ಆಮೇಲೆ, "ಅಯ್ಯೋ ಪುಣ್ಯಾತ್ಮಾ, ಮೊದಲೇ ಹೇಳಬಾರದಿತ್ತೇ? ಎರಡು ವರ್ಷದಿಂದ ನಮ್ಮ ಮಕ್ಕಳು ಮೊಸರಿನ ಮುಖ ನೋಡಿಲ್ಲ!" ಎಂದು ಜೋರಾಗಿ ನಕ್ಕಳು. ಅವನೂ ನಕ್ಕ. ಸಂಜೆಯೊಳಗೆ ಅರ್ಧ ಊರು ಹೀಗೇ ನಿಟ್ಟುಸಿರು ಬಿಟ್ಟಿತ್ತು. ಉಸ್ತಾದರು ಮಾತ್ರ, "ಮಜ್ಜಿಗೆ ಕುಡಿದು ಕುಸ್ತಿ ಹಿಡಿಯುತ್ತಾನಂತೆ!" ಎಂದು ಹಣೆ ಹಣೆ ಬಡಿದುಕೊಂಡರು.

ನಾಲ್ಕು ದಿನಕ್ಕೆ ತೇಗು ನಿಂತಿತು. ಆರನೆಯ ದಿನ ಕಣ್ತುಂಬ ನಿದ್ದೆ ಬಂತು. ಒಂಬತ್ತನೆಯ ದಿನ, ಅವನು ಮರೆತೇಬಿಟ್ಟಿದ್ದ ಹಸಿವು ಬಂತು. ಹಬ್ಬ ಬಂದಷ್ಟು ಸಂತೋಷವಾಯಿತು ಅವನಿಗೆ! ಆಮೇಲೆ ಹಾಲು, ತುಪ್ಪ, ಬಾದಾಮಿಯೂ ಒಂದೊಂದಾಗಿ ಬಂದವು. ಹೊಟ್ಟೆ ಒಪ್ಪಿದಷ್ಟು ತಿಂದ, ಸಾಕೆನಿಸಿದಾಗ ಎದ್ದ. ಹೊಡೆದ ಬಸ್ಕಿಗಳೆಲ್ಲ ಈಗ ತೊಡೆಯಲ್ಲಿ ನಿಲ್ಲತೊಡಗಿದವು.

ಕುಸ್ತಿಯ ದಿನ ಇಬ್ಬರೂ ಕೈ ಹಿಡಿದರು. ಹಿಂದಿನ ಎರಡು ಸಲವೂ ಎಲೆ ಅಡಿಕೆ ಜಗಿದು ಮುಗಿಯುವಷ್ಟರಲ್ಲಿ ಅವನ ಉಸಿರು ಸೋತಿತ್ತು. ಈ ಸಲವೂ ಈಗ ಸೋಲುತ್ತದೆ, ಈಗ ಸೋಲುತ್ತದೆ ಎಂದು ಕಾದ. ಸೋಲಲಿಲ್ಲ. ಎದುರಾಳಿಯೇ ಏದುಸಿರು ಬಿಡತೊಡಗಿದ. ಪೈಲ್ವಾನ ಅವನ ಸೊಂಟ ಹಿಡಿದು ಎತ್ತಿ, ಬೆನ್ನು ಮಣ್ಣಿಗೆ ತಾಗಿಸಿದ. ಗೆದ್ದವನು ತೊಡೆ ತಟ್ಟಲಿಲ್ಲ. "ಅಬ್ಬಾ!" ಎಂದು ಅಲ್ಲೇ ಕೂತುಬಿಟ್ಟ. ಉಸ್ತಾದರು ಓಡಿಬಂದು ಅವನ ಮೈಯ ಮಣ್ಣು ಒರೆಸಿ, "ನಾಳೆ ಬೆಳಿಗ್ಗೆ ಗರಡಿಗೆ ಬೇಗ ಬಾರೋ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಕತೆ ಕೇಳಿದ ಕರಿಬಸಯ್ಯನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. "ಇಷ್ಟೇನೇ ಗುರುಗಳೇ! ಹಾಗಾದರೆ ನಾಳೆಯಿಂದ ನಾನೂ ಮಜ್ಜಿಗೆ ಶುರು ಮಾಡುತ್ತೇನೆ. ದಿನಕ್ಕೆ ಎಷ್ಟು ಲೋಟ ಕುಡಿಯಲಿ, ನೀವೇ ಹೇಳಿಬಿಡಿ" ಎಂದ.

ಗುರುಗಳು ಹೇಳಿದರು: "ಅದನ್ನು ನನ್ನನ್ನೇಕೆ ಕೇಳುತ್ತೀಯೋ, ಅರಗಿಸಬೇಕಾದ್ದು ನನ್ನ ಹೊಟ್ಟೆಯೇ?"