ಉಸ್ತಾದ ಕಟ್ಟಿದ ಜೋಡಿ

“ಗುರುಗಳೇ, ನಾಳೆಯ ವಾದದಲ್ಲಿ ನಾನು ಗೆಲ್ಲುತ್ತೇನೋ, ಸೋಲುತ್ತೇನೋ?” ಎಂದು ಶಿಷ್ಯ ಕೇಳಿದ.

ಊರಿನ ಪೂರ್ವಕ್ಕೆ ಇವರ ಮಠ, ಪಶ್ಚಿಮಕ್ಕೆ ಇನ್ನೊಂದು. ವರ್ಷಕ್ಕೊಮ್ಮೆ ಎರಡೂ ಮಠಗಳಿಂದ ಒಬ್ಬೊಬ್ಬ ಶಿಷ್ಯ ಸಭೆಯಲ್ಲಿ ಎದುರುಬದುರು ಕುಳಿತು ವಾದ ಮಾಡಬೇಕು. ಈ ಸಲ ಗುರುಗಳು ಇವನ ಹೆಸರನ್ನು ಕೊಟ್ಟಿದ್ದರು. ಅಂದಿನಿಂದ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಮುಂದಿಟ್ಟ ಗಂಜಿ ಆಗಲೇ ತಣ್ಣಗಾಗಿತ್ತು.

“ಫಲ ಮೊದಲೇ ತಿಳಿದರೆ ಗಂಜಿ ಗಂಟಲಲ್ಲಿ ಇಳಿಯುತ್ತದೆಯೋ?” ಎಂದರು ಗುರುಗಳು.

“ಇಳಿಯುತ್ತದೆ.”

“ಹಾಗಾದರೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಕೇರಿಗಳಿದ್ದವು. ಎರಡಕ್ಕೂ ಒಂದೊಂದು ಗರಡಿ. ಮದುವೆಯಲ್ಲಿ ಒಂದೇ ಪಂಕ್ತಿಗೆ ಕುಳಿತು ಉಣ್ಣುವ ಜನ, ಕುಸ್ತಿಯ ತಿಂಗಳು ಬಂತೆಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರ ಎದುರಿಗೆ ಯಾರು ಎಂದು ಗೊತ್ತುಮಾಡುವುದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಆ ಕೆಲಸ ಕುಸ್ತಿಯ ಗುರುವಾದ ಒಬ್ಬ ಮುದಿ ಉಸ್ತಾದನದು. ಅವನು ಕತ್ತು, ಭುಜ, ಉಸಿರು ಎಲ್ಲವನ್ನೂ ನೋಡಿ ಸರಿಸಮನಾದವರನ್ನು ಹುಡುಕಿ ಕಟ್ಟುತ್ತಿದ್ದ. ಎಲ್ಲರ ಮೈಬಲವನ್ನೂ ಬಲ್ಲವನೆಂದು ಊರೆಲ್ಲ ಅವನನ್ನೇ ಕೇಳುತ್ತಿತ್ತು, ಗೆಲ್ಲುವವರು ಯಾರು ಎಂದು. ಅವನು ಗೊತ್ತಿಲ್ಲ ಎನ್ನುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಆಸಾಮಿ ಎಂದು ಜನ ನಗುತ್ತಿದ್ದರು.

ಒಂದು ವರ್ಷ ಮಾತ್ರ ಅವನು ಹೇಳಿದ. ಮೇಲಿನ ಕೇರಿಯ ಯಜಮಾನನಿಗೆ ತನ್ನ ಮಗ ಗೆಲ್ಲಲೇಬೇಕೆಂಬ ಹಟ. ಉಸ್ತಾದ ದಾಕ್ಷಿಣ್ಯಕ್ಕೆ ಬಿದ್ದು, ಮದ್ದಾನೆಯಂಥ ಆ ಮಗನ ಎದುರಿಗೆ ಅವನಿಗೆ ಸಮನಲ್ಲದ ಕೆಳಗಿನ ಕೇರಿಯ ಒಬ್ಬ ಗಾಣಿಗನನ್ನು ಕಟ್ಟಿದ. ಕೇಳಿದವರಿಗೆಲ್ಲ ಮೇಲಿನ ಕೇರಿಯೇ ಗೆಲ್ಲುತ್ತದೆ ಎಂದ. ಹಾಗೆಯೇ ಆಯಿತು. ಉಸ್ತಾದನ ನಾಲಿಗೆಯಲ್ಲಿ ಮಚ್ಚೆಯಿದೆ, ಅಂದದ್ದು ಆಗಿಯೇ ತೀರುತ್ತದೆ ಎಂದು ಊರು ಕೊಂಡಾಡಿತು. ಊರಿಗೇನು, ಕೊಂಡಾಡುತ್ತದೆ, ಮುರಿದದ್ದು ಗಾಣಿಗನ ತೋಳು, ಅದರದಲ್ಲವಲ್ಲ. ಗಾಣಿಗ ಮತ್ತೆ ಗಾಣಕ್ಕೆ ಕೈ ಹಚ್ಚಲಿಲ್ಲ. ಉಸ್ತಾದ ಅವನ ಮನೆಯ ಮುಂದಿನ ದಾರಿಯನ್ನೇ ಬಿಟ್ಟು, ಸುತ್ತು ಹಾಕಿ ಓಡಾಡತೊಡಗಿದ.

ವರ್ಷಗಳು ಕಳೆದವು. ಗಾಣಿಗನ ಮಗ ಬೆಳೆದು ಗರಡಿಗೆ ಇಳಿದ. ಉಸ್ತಾದ ಅವನಿಗೂ ಮೇಲಿನ ಕೇರಿಯ ಒಬ್ಬನಿಗೂ ಜೋಡಿ ಕಟ್ಟಿದ. ಮರುದಿನ ಬೆಳಗ್ಗೆ ಗಾಣಿಗನ ಹೆಂಡತಿ ಗರಡಿಯ ಬಾಗಿಲಿಗೆ ಬಂದು ನಿಂತಳು.

“ಉಸ್ತಾದ್ರೇ, ನನ್ ಮಗ ಗೆಲ್ತಾನೋ ಸೋಲ್ತಾನೋ, ಬಾಯ್ಬಿಟ್ಟು ಹೇಳ್ಬಿಡಿ. ಸೋಲೋದೇ ಆದ್ರೆ ಇವತ್ತೇ ನನ್ ತಮ್ಮನ ಊರಿಗೆ ಅಟ್ಬಿಡ್ತೀನಿ. ಹೇಡಿ ಅಂದ್ರೆ ಅನ್ಲಿ, ತೋಳಾದ್ರೂ ಉಳೀತದೆ.”

ಉಸ್ತಾದನಿಗೆ ತಲೆ ಎತ್ತಲಾಗಲಿಲ್ಲ. ಹುಡುಗರಿಬ್ಬರನ್ನೂ ಕರೆಸಿದ. ಅವಳ ಕಣ್ಣೆದುರಿಗೇ ಕೈಗೆ ಕೈ ಹಿಡಿಸಿ, ಹೆಗಲಿಗೆ ಹೆಗಲು ಕೊಡಿಸಿ ನಿಲ್ಲಿಸಿದ. ಇಬ್ಬರಿಗೂ ಬೆವರು ಕಿತ್ತುಕೊಂಡು ಬಂತು. ಯಾರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಉಸ್ತಾದ ಸುತ್ತಲೂ ಬಂದು ನೋಡಿದ. ಇನ್ನೊಮ್ಮೆ ನೋಡಿದ.

“ಗೊತ್ತಾಯ್ತಾ ಇಲ್ಲ ಕಣವ್ವ” ಎಂದ. “ನಮ್ಮಪ್ಪನಾಣೆ, ಗೊತ್ತಾಯ್ತಾ ಇಲ್ಲ.”

ಅವಳು “ಅಬ್ಬ, ಬದುಕಿದೆ!” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ ಗಂಡನ ಸರದೀಲಿ ನಿಮ್ಗೆ ಗೊತ್ತಿತ್ತು. ಇಳೀಲಿ ಬಿಡಿ, ನನ್ ಮಗ ಇಳೀಲಿ.”

ಕುಸ್ತಿಯ ದಿನ ಅವಳು ನೋಡಲೂ ಹೋಗಲಿಲ್ಲ. ಹಂಡೆಗೆ ನೀರು ತುಂಬಿ ಉರಿ ಹಾಕಿದಳು. ಸಂಜೆ ಮಗ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು, ಎರಡೂ ಕೈ ಬೀಸಿಕೊಂಡು ನಡೆದು ಬಂದ. ಬಹಳ ಹೊತ್ತು ಹಿಡಿದು, ಕೊನೆಗೆ ಸೋತಿದ್ದ. ಅವಳು ಬಿಸಿನೀರು ತೋಡಿ ತೋಡಿ ಅವನ ಎರಡು ತೋಳಿಗೂ ಹುಯ್ದಳು. ಅಂದು ಉಸ್ತಾದ ಸುತ್ತು ಹಾಕದೆ ಆ ಮನೆಯ ಮುಂದಿನಿಂದಲೇ ನಡೆದುಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಗುರುಗಳೇ, ಎರಡು ಮಠದ ಹುಡುಗರ ವಿದ್ಯೆಯನ್ನೂ ಬಲ್ಲವರು ನೀವು. ನನ್ನ ಹೆಸರು ಕೊಟ್ಟವರೂ ನೀವೇ. ಯಾರು ಗೆಲ್ಲುತ್ತಾರೆಂದು ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ?”

“ಗೊತ್ತಿದ್ದಿದ್ದರೆ ನಿನ್ನ ಹೆಸರು ಕೊಡುತ್ತಿರಲಿಲ್ಲ, ಮಗೂ” ಎಂದರು ಗುರುಗಳು.

ಶಿಷ್ಯ ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.