ಕಲ್ಲಿನ ಹಸು ಕೇಳಿದ ರುಚಿ

ಗಡಿಯಲ್ಲಿ ಕೋಟೆ ಕಟ್ಟಿದ ಪಾಳೆಯಗಾರನಿಗೂ ಅಲ್ಲಿನ ಗೊಲ್ಲರಿಗೂ ಒಪ್ಪಂದವಾಗಿತ್ತು. ಗಡಿಕಲ್ಲಿನ ಮೂಡಲಿಗೆ ಊರು. ಪಡುವಲಿಗೆ ಸೂರ್ಯಚಂದ್ರರಿರುವ ತನಕ ದನಗಳ ಹುಲ್ಲುಗಾವಲು. ಸಾಕ್ಷಿಗೆಂದು ಆ ಕಲ್ಲಿನ ಮೇಲೆ ಸೂರ್ಯನನ್ನೂ ಚಂದ್ರನನ್ನೂ ಒಂದು ಹಸುವನ್ನೂ ಕೆತ್ತಿಸಿದರು.

ಮೂರು ತಲೆಮಾರು ಕಳೆದ ಮೇಲೆ ಬಡಕಲು ಹಸುವೊಂದು ಕರುವಿನೊಡನೆ ಅಲ್ಲಿಗೆ ಬಂತು. ಪಡುವಲಿಗೂ ಪೇಟೆಯೇ ಇತ್ತು.

"ಅಜ್ಜಿ, ನಮ್ಮ ಹುಲ್ಲುಗಾವಲು ಎಲ್ಲಿ? ನನ್ನ ಕೆಚ್ಚಲು ಬತ್ತಿದೆ" ಎಂದು ಅದು ಕಲ್ಲಿನ ಹಸುವನ್ನು ಕೇಳಿತು.

ಕಲ್ಲಿನ ಹಸು ಹೇಳಿತು: "ಮೊದಲು ಕೋಟೆಯವರು ಸಂತೆಗೆಂದು ಒಂದಿಷ್ಟು ನೆಲ ಕೇಳಿದರು. ಆಮೇಲೆ ಕುದುರೆ ಲಾಯಕ್ಕೆ. ಪ್ರತಿ ಸಲವೂ ಹೊಸ ಒಪ್ಪಂದ."

"ಸೂರ್ಯಚಂದ್ರರು ಇನ್ನೂ ಇದ್ದಾರಲ್ಲ!"

"ಇದ್ದಾರೆ. ಅವರನ್ನು ಯಾರೂ ಕೇಳಲಿಲ್ಲ. ನನ್ನ ಬುಡದಲ್ಲಿ ಒಂದು ಹಿಡಿ ಹುಲ್ಲು ಉಳಿದಿದೆ, ತಿನ್ನು."

"ನಿನಗೆ?"

"ನಾನು ಕಲ್ಲು, ಮಗಳೇ. ಹುಟ್ಟಿದಂದಿನಿಂದ ಹುಲ್ಲನ್ನು ನೋಡುತ್ತಲೇ ಇದ್ದೇನೆ, ಒಮ್ಮೆಯೂ ತಿಂದಿಲ್ಲ. ರುಚಿ ಹೇಗಿದೆ ಎಂದು ಹೇಳು, ಸಾಕು."

ಹಸು ತಿಂದಿತು. ಬಹಳ ಹೊತ್ತು ಮೆಲುಕು ಹಾಕಿತು.

"ಇನ್ನೊಂದು ತುತ್ತು ಬೇಕೆನಿಸುತ್ತದೆ, ಅಜ್ಜಿ."

"ಕೋಟೆಯವರೂ ಹಾಗೇ ಅಂದರು" ಎಂದಿತು ಕಲ್ಲಿನ ಹಸು. "ಅವರಿಗೆ ಸಿಕ್ಕಿತು."