ಸಾಹೇಬರ ಆಟದ ಕಂಪ್ಯೂಟರಿಗೆ ಪೂಜೆ

ಮ್ಯಾನೇಜರ್ ನಂಜುಂಡಾರಾಧ್ಯರು ಎಂಬತ್ತೈದು ಸಾವಿರ ಸುರಿದು, ಕೈಯಲ್ಲೇ ಹಿಡಿದು ವಿಡಿಯೋ ಗೇಮ್ ಆಡುವ ಕಂಪ್ಯೂಟರ್ ತಂದರು. ಅಂದಿನಿಂದ ಕಚೇರಿಯಲ್ಲಿ ಒಂದು ಸಹಿಯೂ ಬೀಳಲಿಲ್ಲ. ಗುಮಾಸ್ತೆ ಸರ್ವಮಂಗಳಮ್ಮನಿಗೆ ಮಗಳ ಬಾಣಂತನಕ್ಕೆ ರಜೆ ಬೇಕಿತ್ತು. ಅರ್ಜಿ ಸಾಹೇಬರ ಮೇಜಿನ ಮೇಲೆ ಧೂಳು ಹಿಡಿಯುತ್ತಿತ್ತು.

ಮತ್ತೆ ಕೇಳಲು ಹೋದಾಗ ಸಾಹೇಬರು ಆಟದಿಂದ ತಲೆ ಎತ್ತದೆಯೇ ಗದರಿದರು. "ಇಷ್ಟು ದುಡ್ಡಿಗೆ ಒಳ್ಳೇ ಲ್ಯಾಪ್‌ಟಾಪೇ ಬರ್ತಿತ್ತು ಅಂತ ಇಲ್ಲಿ ಆಡ್ಕೊಳ್ತಾರಂತೆ. ನೀವು ಹೇಳ್ರೀ, ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೆ? ಯೋಚನೆ ಮಾಡಿ ಹೇಳಿ. ರಜೆ ನನ್ನ ಕೈಲಿದೆ."

ಸರ್ವಮಂಗಳಮ್ಮ ಯೋಚನೆ ಮಾಡಿದರು. "ಇದಕ್ಕೆ ಪೂಜೆ ಆಯ್ತಾ ಸಾರ್?"

"ಪೂಜೆಯಾ?"

"ಹಳೇ ಸ್ಕೂಟರ್ ತಗೊಂಡ್ರೂ ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ಇಷ್ಟು ಬೆಲೆಯದ್ದನ್ನ ಹಾಗೇ ಆಡ್ತಿದ್ದೀರಲ್ಲ! ಯಾರ ಕಣ್ಣು ಬಿದ್ದಿದೆಯೋ. ಶನಿವಾರದವರೆಗೂ ಗುಡಿಯಲ್ಲಿ ಆಂಜನೇಯನ ಪಾದದ ಹತ್ತಿರ ಇರಲಿ. ಆಮೇಲೆ ಉತ್ತರ ಹೇಳ್ತೀನಿ."

ಕಣ್ಣು ಬಿದ್ದ ಮಾತು ಕೇಳಿದ್ದೇ ತಡ, ಸಾಹೇಬರು ತಾವೇ ಒರೆಸಿ, ಡಬ್ಬಿಗೆ ಹಾಕಿ ಕೊಟ್ಟರು.

ಕೈ ಖಾಲಿಯಾದ ಮೇಲೆ ಮಾಡುವುದೇನು? ಮೊದಲ ದಿನ ಆಕಳಿಸಿದರು. ಮರುದಿನ ಬೇಜಾರಿಗೆ ಒಂದು ಫೈಲು ಬಿಚ್ಚಿದರು. ಶನಿವಾರದೊಳಗೆ ಮೇಜು ಬರಿದಾಯಿತು. ಸರ್ವಮಂಗಳಮ್ಮನ ಅರ್ಜಿಗೂ ಸಹಿ ಬಿತ್ತು.

ಕುಂಕುಮ ಮೆತ್ತಿಕೊಂಡು ಕಂಪ್ಯೂಟರ್ ಮರಳಿತು. "ಈಗ ಹೇಳ್ರೀ," ಎಂದರು ಸಾಹೇಬರು.

"ಒಂದು ಪೈಸೆಯೂ ದಂಡ ಅಲ್ಲ ಸಾರ್. ಗುಡಿಯಲ್ಲಿ ಸುಮ್ಮನೆ ಕೂತಿದ್ದಕ್ಕೇ ಕಚೇರಿ ಕೆಲಸವೆಲ್ಲ ಮುಗೀತು. ಅಲ್ಲೇ ಇದ್ದಿದ್ದರೆ ನಿಮಗೆ ಪ್ರಮೋಷನ್ನೇ ಬರ್ತಿತ್ತು."

ಬೈಯಲು ಹೊರಟ ಸಾಹೇಬರು ಪ್ರಮೋಷನ್ ಎಂಬ ಮಾತಿಗೆ ತಡೆದರು. ಡಬ್ಬಿಯನ್ನು ಒಮ್ಮೆ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಲ್ಲಿಟ್ಟರೆ, ಪೂಜಾರಿ ಆಡೋದಿಲ್ಲ ತಾನೆ?"